ಕ್ಯಾಲೊರಿ ಲೆಕ್ಕ ಇಡೋಕೆ ಬ್ಯಾಂಡಾ, ವಾಚಾ, ಚೆಸ್ಟ್ ಸ್ಟ್ರಾಪಾ? ಮಲೆನಾಡಿನೋರಿಗೆ ಒಂದು ಹೋಲಿಕೆ

ತೂಕ ಇಳಿಸ್ಬೇಕು ಅಂತ ಮನಸ್ಸು ಮಾಡಿದ ಮೇಲೆ ಮೊದಲ ಖರ್ಚು ಶೂಗೆ, ಎರಡನೇದು ಕೈಗೆ ಕಟ್ಟೋ ಬ್ಯಾಂಡಿಗೋ ವಾಚಿಗೋ. ಶಿವಮೊಗ್ಗದಲ್ಲಿ ಬೆಳಿಗ್ಗೆ ಗಾಂಧಿ ಪಾರ್ಕಲ್ಲಿ, ಫ್ರೀಡಂ ಪಾರ್ಕಲ್ಲಿ, ನೆಹರೂ ಸ್ಟೇಡಿಯಂನಲ್ಲಿ ನಡೆಯೋರ ಕೈ ನೋಡಿ, ಸುಮಾರು ಜನರ ಮಣಿಕಟ್ಟಲ್ಲಿ ಏನಾದ್ರೂ ಒಂದು ಮಿನುಗ್ತಿರುತ್ತೆ. ವಾಕಿಂಗ್ ಮುಗಿಸಿ ಎಲ್ಲರೂ ನೋಡೋದು ಒಂದೇ ನಂಬರು, ಇವತ್ತು ಎಷ್ಟು ಕ್ಯಾಲೊರಿ ಸುಡ್ತು ಅಂತ. ನನ್ನ ಹತ್ರ ಬಂದು ಕೇಳೋದೂ ಅದೇ, "ಯಾವ ವಾಚ್ ಕ್ಯಾಲೊರಿ ಕರೆಕ್ಟಾಗಿ ತೋರಿಸುತ್ತೆ ಹೇಳಿ ಮಾರಾಯ್ರೆ, ಅದನ್ನೇ ತಗೊಳ್ತೀನಿ" ಅಂತ.

ಮೊದಲೇ ಹೇಳಿಬಿಡ್ತೀನಿ, ಕ್ಯಾಲೊರಿನ ಅಳೆಯೋ ವಾಚ್ ಅಂಗಡಿಲಿ ಸಿಗೋದೇ ಇಲ್ಲ. ಎರಡು ಸಾವಿರದ ಬ್ಯಾಂಡ್ ಆಗ್ಲಿ ಐವತ್ತು ಸಾವಿರದ ವಾಚ್ ಆಗ್ಲಿ, ಅಳೆಯೋದು ಕೈ ಎಷ್ಟು ಅಲ್ಲಾಡ್ತು, ನಾಡಿ ಎಷ್ಟು ಸಲ ಬಡೀತು, ಕೆಲವದ್ರಲ್ಲಿ ಎಷ್ಟು ಮೇಲೆ ಹತ್ತಿದ್ರಿ, ಎಷ್ಟು ದೂರ ಹೋದ್ರಿ, ಇಷ್ಟೇ. ಅದಕ್ಕೆ ನೀವು ಕೊಟ್ಟ ವಯಸ್ಸು, ಎತ್ತರ, ತೂಕ ಎಲ್ಲ ಸೇರಿಸಿ ಕಂಪನಿ ತನ್ನದೊಂದು ಸೂತ್ರದಲ್ಲಿ ಹಾಕಿ ಕ್ಯಾಲೊರಿ ಅಂತ ಒಂದು ಅಂದಾಜು ತೆಗೆಯುತ್ತೆ. ಹಂಗಾಗಿ ಹೋಲಿಕೆ ಮಾಡೋವಾಗ ಕ್ಯಾಲೊರಿ ನಂಬರನ್ನ ಪಕ್ಕಕ್ಕಿಟ್ಟು, ಆ ಸಾಧನ ನಿಜವಾಗಿ ಅಳೆಯೋದು ಏನು, ನೀವು ದಿನಾ ಮಾಡೋ ಕೆಲಸಕ್ಕೆ ಅದು ಹೊಂದುತ್ತಾ ಅಂತ ನೋಡ್ಬೇಕು. ಮಲೆನಾಡಲ್ಲಿ ಈ ಎರಡನೇ ಪ್ರಶ್ನೆ ಬಹಳ ಮುಖ್ಯ, ಯಾಕಂದ್ರೆ ಇಲ್ಲಿ ರಸ್ತೆ ಸಮತಟ್ಟಿಲ್ಲ, ಮಳೆ ತಿಂಗಳುಗಟ್ಟಲೆ ಸುರಿಯುತ್ತೆ, ಅರ್ಧ ಕೆಲಸ ತೋಟದಲ್ಲಿ.

ಎಷ್ಟು ತಪ್ಪು ತೋರಿಸುತ್ತೆ?

ಇದಕ್ಕೆ ಒಳ್ಳೆ ಲೆಕ್ಕ ಇದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಯುನಿವರ್ಸಿಟಿಯೋರು 60 ಜನರಿಗೆ ಏಳು ಬೇರೆ ಬೇರೆ ವಾಚ್ ಕಟ್ಟಿ, ಕೂರಿಸಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದ್ರು, ಜೊತೆಗೆ ಉಸಿರಲ್ಲಿರೋ ಆಮ್ಲಜನಕ ಮತ್ತೆ ಇಂಗಾಲದ ಡೈಆಕ್ಸೈಡ್ ಅಳೆದು ನಿಜವಾದ ಕ್ಯಾಲೊರಿ ಎಷ್ಟು ಅಂತ ತೆಗೆದ್ರು. ಹೃದಯ ಬಡಿತದಲ್ಲಿ ಏಳರಲ್ಲಿ ಆರು ವಾಚ್ 5% ಒಳಗೇ ಇದ್ವು, ಅದು ನಿಜಕ್ಕೂ ಒಳ್ಳೇದೇ. ಆದ್ರೆ ಕ್ಯಾಲೊರಿ ವಿಷಯಕ್ಕೆ ಬಂದ್ರೆ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚೇ ಸರಾಸರಿ 27% ತಪ್ಪು, ಕೊನೇದು 93% ತಪ್ಪು. ಅವತ್ತಿನ ವಾಚ್‌ಗಳು ಹಳೇವಾದ್ವು, ಈಗಿನ ಸೆನ್ಸರ್ ಚೆನ್ನಾಗಿದೆ, ನಿಜ. ಆದ್ರೆ ನಾಡಿಯಿಂದ ಕ್ಯಾಲೊರಿಗೆ ಹೋಗೋ ದಾರಿಲಿ ಊಹೆ ಇದ್ದೇ ಇರುತ್ತೆ, ಒಂದೇ ತೂಕ, ಒಂದೇ ವಯಸ್ಸಿನ ಇಬ್ರಿಗೆ ಒಂದೇ ನಾಡಿಲಿ ಬೇರೆ ಬೇರೆ ಖರ್ಚಾಗುತ್ತೆ, ಅದನ್ನ ಮಣಿಕಟ್ಟಿನಿಂದ ಕಂಡುಹಿಡಿಯೋಕೆ ಆಗಲ್ಲ.

20% ಹೆಚ್ಚು ಕಮ್ಮಿ ಆದ್ರೆ ಏನು ಮಹಾ ಅಂತ ಅನ್ನಿಸ್ಬಹುದು. ಲೆಕ್ಕ ಹಾಕಿ ನೋಡಿ. ವಾಚ್ ದಿನಕ್ಕೆ 2200 ಅಂತ ತೋರಿಸ್ತಿದೆ, ನೀವು 500 ಕಮ್ಮಿ ತಿಂದ್ರೆ ವಾರಕ್ಕೆ ಹತ್ತಿರತ್ತಿರ ಅರ್ಧ ಕೆಜಿ ಇಳಿಯುತ್ತೆ ಅಂತ 1700 ತಿಂತೀರ. ವಾಚ್ ತೋರಿಸಿದ್ದರಲ್ಲಿ 20% ಸುಳ್ಳಾಗಿದ್ರೆ 440 ಇಲ್ಲ ಅಂತ ಆಯ್ತು, ನಿಜವಾದ ಖರ್ಚು 1760, ಕೊರತೆ ಉಳಿದಿದ್ದು ಬರೀ 60. ತಿಂಗಳುಗಟ್ಟಲೆ ಹಸಿವು ತಡ್ಕೊಂಡ್ರೂ ತೂಕದ ಮಿಷನ್ ಅಲ್ಲಾಡಲ್ಲ. ಆಮೇಲೆ ಆ ಮನುಷ್ಯ ಬೈಕೊಳ್ಳೋದು ತನ್ನನ್ನೇ, ನನ್ನ ದೇಹನೇ ಹಿಂಗೆ, ನಂಗೆ ಮನಸ್ಸು ಗಟ್ಟಿ ಇಲ್ಲ ಅಂತ. ಇದನ್ನ ನೋಡಿದಾಗ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಅವರು ಮಾಡಿದ್ದರಲ್ಲಿ ತಪ್ಪೇ ಇರಲ್ಲ, ನಂಬಿದ ನಂಬರ್ ತಪ್ಪಿರುತ್ತೆ ಅಷ್ಟೆ.

ಇನ್ನೊಂದು ಗೊಂದಲ ಇದೆ, ಒಟ್ಟು ಖರ್ಚು ಬೇರೆ, ಚಟುವಟಿಕೆ ಖರ್ಚು ಬೇರೆ. ಸುಮ್ನೆ ಮಲಗಿದ್ರೂ ಹೃದಯ, ಮಿದುಳು, ಲಿವರ್ ಕೆಲಸ ಮಾಡೋಕೆ ಬೇಕಾಗಿದ್ದನ್ನ ಬಿಎಂಆರ್ ಅಂತಾರೆ, ಜಾಸ್ತಿ ಓಡಾಡದೇ ಇರೋರಿಗೆ ದಿನದ ಖರ್ಚಲ್ಲಿ 60 ರಿಂದ 70% ಅದೇ. ಆಪಲ್ ವಾಚ್ ಆಕ್ಟಿವ್ ಬೇರೆ, ಟೋಟಲ್ ಬೇರೆ ಅಂತ ತೋರಿಸುತ್ತೆ, ಗಾರ್ಮಿನ್ ಕೂಡ ಹಂಗೇ ಬಿಡಿಸಿ ಹೇಳುತ್ತೆ. ಫಿಟ್‌ಬಿಟ್‌ನಲ್ಲಿ ಮಧ್ಯರಾತ್ರಿಯಿಂದಲೇ ಬಿಎಂಆರ್ ಸೇರಿಸ್ತಾ ಬರೋದ್ರಿಂದ ಎದ್ದು ಹಲ್ಲುಜ್ಜೋ ಮೊದ್ಲೇ ನೂರಾರು ಕ್ಯಾಲೊರಿ ಕಾಣುತ್ತೆ. ಸುಮಾರು ಕಡಿಮೆ ಬೆಲೆಯ ಬ್ಯಾಂಡ್‌ಗಳು ಚಟುವಟಿಕೆದು ಮಾತ್ರ ತೋರಿಸ್ತವೆ. ಅಕ್ಕನ ಫಿಟ್‌ಬಿಟ್‌ನಲ್ಲಿ 1900, ತಂಗಿಯ ಬ್ಯಾಂಡ್‌ನಲ್ಲಿ 320 ಅಂತ ಇದ್ರೆ ಅಕ್ಕ ಆರು ಪಟ್ಟು ಜಾಸ್ತಿ ಸುಟ್ಟಿದಾಳೆ ಅಂತಲ್ಲ, ಎರಡೂ ಬೇರೆ ಬೇರೆ ವಿಷಯ ಹೇಳ್ತಿವೆ. ತಗೊಂಡ ತಕ್ಷಣ ನಿಮ್ಮದು ಯಾವುದನ್ನ ತೋರಿಸುತ್ತೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡ್ಕೊಳ್ಳಿ.

ವಾಕಿಂಗ್‌ದೂ ಅಷ್ಟೇ. 70 ಕೆಜಿ ಇರೋರು ಒಂದು ಗಂಟೆ ಸ್ವಲ್ಪ ಬಿರುಸಾಗಿ ನಡೆದ್ರೆ ಸುಮಾರು 245 ಕ್ಯಾಲೊರಿ ಅಂತ ಬರುತ್ತೆ, ಅದರಲ್ಲಿ 70ರಷ್ಟು ಮನೇಲಿ ಕೂತಿದ್ರೂ ಖರ್ಚಾಗ್ತಿತ್ತು, ನಡೆದಿದ್ದಕ್ಕೆ ಅಂತ ಸಿಕ್ಕಿದ್ದು 175. ಅದನ್ನ ನೋಡಿ ಇವತ್ತು 245 ಜಾಸ್ತಿ ತಿನ್ಬಹುದು ಅಂತ ಇನ್ನೆರಡು ಕಡುಬು ಹಾಕ್ಕೊಂಡ್ರೆ ಮುಗೀತು.

ಒಂದೊಂದಾಗಿ ನೋಡೋಣ

ಮೊದಲನೇದು ನಿಮ್ಮ ಹತ್ರ ಈಗಾಗ್ಲೇ ಇರೋ ಫೋನು. ಜೇಬಲ್ಲಿಟ್ಕೊಂಡು ನಡೆದ್ರೆ ಹೆಜ್ಜೆ ಲೆಕ್ಕ ಸಾಕಷ್ಟು ಚೆನ್ನಾಗೇ ಬರುತ್ತೆ, ಹೆಜ್ಜೆ ಎಣಿಸೋ ಒಂದು ಆಪ್ ಸಾಕು, ದುಡ್ಡು ಖರ್ಚಿಲ್ಲ. ತೊಂದರೆ ಅಂದ್ರೆ ಮನೆ ಒಳಗೆ ಓಡಾಡೋವಾಗ ಫೋನ್ ಟೇಬಲ್ ಮೇಲಿರುತ್ತೆ, ಸೀರೆ ಉಟ್ಟೋರಿಗೆ, ನೈಟಿಲಿರೋರಿಗೆ ಜೇಬೇ ಇರಲ್ಲ, ಹಂಗಾಗಿ ಹೆಂಗಸರ ಹೆಜ್ಜೆ ಅರ್ಧ ಲೆಕ್ಕಕ್ಕೇ ಬರಲ್ಲ. ಬೆಳಿಗ್ಗೆಯಿಂದ ಅಡುಗೆಮನೆ, ಹಿತ್ತಲು, ಕೊಟ್ಟಿಗೆ ಅಂತ ತಿರುಗೋರಿಗೆ ಫೋನ್ ಅನ್ಯಾಯ ಮಾಡುತ್ತೆ.

ಎರಡನೇದು ಕಡಿಮೆ ಬೆಲೆಯ ಬ್ಯಾಂಡ್, ಶಿಯೋಮಿ ಥರದ್ದು, ಮತ್ತೆ ನಾಯ್ಸ್, ಬೋಟ್, ಫೈರ್ ಬೋಲ್ಟ್‌ನೋರ ವಾಚ್‌ಗಳು. ಹೆಜ್ಜೆ, ನಿದ್ದೆ, ಹೃದಯ ಬಡಿತ ಎಲ್ಲ ಬರುತ್ತೆ. ಹಗುರ, ನೀರು ತಡೆಯುತ್ತೆ, ಬ್ಯಾಂಡ್ ಆದ್ರೆ ಒಂದು ಚಾರ್ಜ್‌ಗೆ ವಾರಕ್ಕಿಂತ ಜಾಸ್ತಿ ಬರುತ್ತೆ, ಇದನ್ನ ಸಣ್ಣ ವಿಷಯ ಅಂದ್ಕೋಬೇಡಿ, ಆಷಾಢದ ಗಾಳಿಮಳೆಲಿ ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿಗಳಲ್ಲಿ ಕರೆಂಟ್ ಎರಡು ದಿನ ಬರದೇ ಇದ್ರೆ ದಿನಾ ಚಾರ್ಜ್ ಕೇಳೋ ವಾಚ್ ಕೈಲಿದ್ದೂ ಪ್ರಯೋಜನ ಇಲ್ಲ. ಇವುಗಳಲ್ಲಿ ನಡಿಗೆಗೆ ಹೆಜ್ಜೆ ಲೆಕ್ಕ ನಂಬಬಹುದು, ಸುಮ್ನೆ ಕೂತಾಗಿನ ಬಡಿತ ನಂಬಬಹುದು, ಜೋರಾಗಿ ಓಡೋವಾಗಿಂದು ಅಷ್ಟು ನಂಬೋಕಾಗಲ್ಲ, ಕ್ಯಾಲೊರಿ ನಂಬರು ಬರೀ ಇವತ್ತು ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ ಅಂತ ನೋಡೋಕೆ.

ಮೂರನೇದು ಜಿಪಿಎಸ್ ಇರೋ ವಾಚು. ಗಾರ್ಮಿನ್, ಆಪಲ್, ಸ್ಯಾಮ್‌ಸಂಗ್, ಈ ಸಾಲು. ದೂರ, ವೇಗ ಸರಿಯಾಗಿ ಬರುತ್ತೆ, ಸೆನ್ಸರ್ ಚೆನ್ನಾಗಿರುತ್ತೆ. ನಾನು ಇಲ್ಲಿ ಮುಖ್ಯವಾಗಿ ನೋಡೋದು ಒಳಗೆ ಬ್ಯಾರೋಮೀಟರ್ ಇದ್ಯಾ ಅಂತ, ಅಂದ್ರೆ ಗಾಳಿಯ ಒತ್ತಡ ಅಳೆದು ಎಷ್ಟು ಎತ್ತರ ಹತ್ತಿದ್ರಿ ಅಂತ ಹೇಳೋದು. ಆಪಲ್ ವಾಚ್‌ನಲ್ಲಿ ಸೀರೀಸ್ 3ರಿಂದ ಇದೆ, ಗಾರ್ಮಿನ್‌ನಲ್ಲಿ ಇನ್‌ಸ್ಟಿಂಕ್ಟ್‌ನಲ್ಲಿ, ಫೋರ್‌ರನ್ನರ್ 255ರಲ್ಲಿ ಇದೆ, ಫೋರ್‌ರನ್ನರ್ 55ರಲ್ಲಿ ಇಲ್ಲ. ಒಂದೇ ಕಂಪನಿದೇ ಒಂದರಲ್ಲಿ ಇರುತ್ತೆ ಇನ್ನೊಂದರಲ್ಲಿ ಇರಲ್ಲ, ಅದಕ್ಕೆ ಅಂಗಡಿಯೋನು ಹೇಳಿದ್ದು ಕೇಳದೆ ಮಾಡೆಲ್ ಹೆಸರು ಹಾಕಿ ನೀವೇ ನೋಡಿ.

ನಾಲ್ಕನೇದು ಚೆಸ್ಟ್ ಸ್ಟ್ರಾಪ್, ಎದೆ ಸುತ್ತ ಕಟ್ಟೋ ಪಟ್ಟಿ. ಇದು ಹೊಸದೇನಲ್ಲ, ಫಿನ್‌ಲ್ಯಾಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರ್ ಇಲ್ಲದ ಹಾರ್ಟ್ ರೇಟ್ ಮಾನಿಟರ್ ತಂದಿತ್ತು. ಮಣಿಕಟ್ಟಿನ ವಾಚು ಹಸಿರು ಬೆಳಕು ಬಿಟ್ಟು ಚರ್ಮದಡಿ ರಕ್ತ ಏರಿಳಿಯೋದನ್ನ ನೋಡಿ ಬಡಿತ ಊಹಿಸುತ್ತೆ, ಎದೆಪಟ್ಟಿ ಇಸಿಜಿ ಥರ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತೆ, ಅದಕ್ಕೆ ಕೈ ಎಷ್ಟು ಕುಲುಕಿದ್ರೂ ಅದರ ಲೆಕ್ಕ ಕೆಡಲ್ಲ. ಪೋಲಾರ್ ಹೆಚ್10, ಗಾರ್ಮಿನ್‌ನೋರ ಪಟ್ಟಿ, ಇವೆಲ್ಲ ಬ್ಲೂಟೂತಲ್ಲಿ ಫೋನಿಗೇ ಸೇರ್ಕೊಳ್ಳುತ್ತೆ, ವಾಚ್ ಬೇಕಂತಿಲ್ಲ. ಹೆಚ್ಚಿನವು ಗುಂಡು ಸೆಲ್ ಹಾಕೋದು, ಚಾರ್ಜಿಂಗ್ ಗೋಳಿಲ್ಲ. ಆದ್ರೆ ದಿನವಿಡೀ ಹಾಕ್ಕೊಂಡಿರೋಕಾಗಲ್ಲ, ಎದೆ ಕೆಳಗೆ ಬಿಗಿಯುತ್ತೆ, ಬೆವರಿಗೆ ಚರ್ಮ ಕೆಂಪಾಗುತ್ತೆ, ವ್ಯಾಯಾಮದ ಒಂದೆರಡು ಗಂಟೆಗೆ ಅಂತ ಇರೋದು ಇದು.

ರಿಂಗ್ ಅಂತ ಈಗ ಬಂದಿದೆ, ಔರಾ, ಬೆಂಗಳೂರಿನ ಅಲ್ಟ್ರಾಹ್ಯೂಮನ್‌ನೋರದು. ನಿದ್ದೆ ನೋಡ್ಬೇಕು ಅನ್ನೋರಿಗೆ ಚೆನ್ನಾಗಿದೆ. ಕತ್ತಿ, ಹಾರೆ, ಗುದ್ದಲಿ ಹಿಡಿಯೋ ಕೈಗೆ ಬೇಡ, ಹಿಡಿಗೂ ಬೆರಳಿಗೂ ಮಧ್ಯೆ ಸಿಕ್ಕಿ ಒತ್ತುತ್ತೆ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಬೆರಳಿಗೇ ಅಪಾಯ. ತೂಕ ಇಳಿಸೋಕೆ ಅಂತಾನೇ ಅಷ್ಟು ದುಡ್ಡು ಇದಕ್ಕೆ ಹಾಕೋದು ನಂಗೆ ಸರಿ ಕಾಣಲ್ಲ.

ಮಲೆನಾಡಲ್ಲಿ ಏನು ಬೇರೆ

ಮೊದ್ಲು ಏರು. 70 ಕೆಜಿ ಇರೋ ಮನುಷ್ಯ ಸಮತಟ್ಟಲ್ಲಿ ಒಂದು ಕಿಲೋಮೀಟರ್ ನಡೆದ್ರೆ ಆಗೋ ಹೆಚ್ಚುವರಿ ಖರ್ಚು ಸುಮಾರು 35 ಕ್ಯಾಲೊರಿ. ಅದೇ ಮನುಷ್ಯ 100 ಮೀಟರ್ ಎತ್ತರ ಹತ್ತೋಕೆ, ದೇಹನ ಮೇಲೆತ್ತೋ ಕೆಲಸಕ್ಕೇ ಹತ್ತಿರತ್ತಿರ 65 ಕ್ಯಾಲೊರಿ ಬೇಕು, ಯಾಕಂದ್ರೆ ನಮ್ಮ ಸ್ನಾಯುಗಳು ತಿಂದಿದ್ದರಲ್ಲಿ ಕಾಲು ಭಾಗನ ಮಾತ್ರ ಕೆಲಸಕ್ಕೆ ಬಳಸ್ತವೆ, ಉಳಿದಿದ್ದು ಶಾಖ ಆಗಿ ಹೋಗುತ್ತೆ. ಅಂದ್ರೆ 100 ಮೀಟರ್ ಏರು ಅಂದ್ರೆ ಸಮತಟ್ಟಿನ ಸುಮಾರು ಎರಡು ಕಿಲೋಮೀಟರ್‌ಗೆ ಸಮ. ಬರೀ ಹೆಜ್ಜೆ ಎಣಿಸೋ ಸಾಧನಕ್ಕೆ ಇದು ಗೊತ್ತೇ ಆಗಲ್ಲ, ಕೊಡಚಾದ್ರಿ ಹತ್ತೋ ಹೆಜ್ಜೆನೂ ತುಂಗಾ ದಂಡೆಲಿ ನಡೆಯೋ ಹೆಜ್ಜೆನೂ ಅದಕ್ಕೆ ಒಂದೇ, ಏರಲ್ಲಿ ಹೆಜ್ಜೆ ಚಿಕ್ಕದಾಗಿ ನಿಧಾನ ಆಗೋದ್ರಿಂದ ಇನ್ನೂ ಕಮ್ಮಿನೇ ತೋರಿಸಿದ್ರೂ ಆಶ್ಚರ್ಯ ಇಲ್ಲ. ಹೃದಯ ಬಡಿತ ನೋಡೋದಕ್ಕೆ ಏರು ಸ್ವಲ್ಪ ಗೊತ್ತಾಗುತ್ತೆ, ಬಡಿತ ಏರುತ್ತಲ್ಲ. ಬ್ಯಾರೋಮೀಟರ್ ಇದ್ರೆ ಒಟ್ಟು ಎಷ್ಟು ಮೀಟರ್ ಹತ್ತಿದ್ರಿ ಅಂತ ಸಿಗುತ್ತೆ, ಆಗ ಮೇಲಿನ ಲೆಕ್ಕ ನೀವೇ ಹಾಕಬಹುದು. ಮನೆಯಿಂದ ರಸ್ತೆಗೆ ಬರೋಕೇ ಗುಡ್ಡ ಹತ್ತಿ ಇಳಿಯೋರು ನಮ್ಮಲ್ಲಿ ಎಷ್ಟು ಜನ ಇದಾರೆ, ಅವರಿಗೆ ಇದು ದಿನಾ ಬರೋ ಲೆಕ್ಕ.

ಆದ್ರೆ ಬ್ಯಾರೋಮೀಟರ್‌ಗೂ ಮಳೆಗಾಲದಲ್ಲಿ ಒಂದು ತೊಂದರೆ ಇದೆ. ಜೋರು ಗಾಳಿಮಳೆ ಬಂದು ಹವೆಯ ಒತ್ತಡ ಬದಲಾದ್ರೆ ನೀವು ಜಗಲಿಲಿ ಕೂತಿದ್ರೂ ಮಹಡಿ ಹತ್ತಿದ ಹಾಗೆ ತೋರಿಸ್ಬಹುದು. ವಾಚಿನ ಪಕ್ಕದಲ್ಲಿರೋ ಸಣ್ಣ ತೂತಿಗೆ ಕೆಸರು, ಸೋಪು ಸೇರಿದ್ರೂ ಎತ್ತರ ಏನೇನೋ ಬರುತ್ತೆ, ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿದ್ರೆ ಸಾಕು, ಪಿನ್ನು ಹಾಕಿ ಕೆದಕಬೇಡಿ.

ಮಳೆಗಾಲದ ಚಳಿಲಿ ಇನ್ನೊಂದು ಆಗುತ್ತೆ. ಕೈ ತಣ್ಣಗಾದ್ರೆ ಚರ್ಮಕ್ಕೆ ಬರೋ ರಕ್ತ ಕಮ್ಮಿ ಆಗುತ್ತೆ, ಹಸಿರು ಬೆಳಕಿಗೆ ಕಾಣೋಕೆ ಏನೂ ಇರಲ್ಲ, ಆಗುಂಬೆ ಕಡೆ ಜಡಿಮಳೆಲಿ ಬೆಳಿಗ್ಗೆ ಓಡೋರ ವಾಚಲ್ಲಿ ಮೊದಲ ಹತ್ತು ನಿಮಿಷ ಬಡಿತ ಹುಚ್ಚುಚ್ಚಾಗಿ ಬಂದ್ರೆ ಗಾಬರಿ ಆಗ್ಬೇಡಿ. ಪಟ್ಟಿ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿ, ಮನೆ ಒಳಗೇ ಸ್ವಲ್ಪ ಕೈಕಾಲು ಆಡಿಸಿ ಮೈ ಬೆಚ್ಚಗೆ ಮಾಡ್ಕೊಂಡು ಹೊರಡಿ. ಓಡೋವಾಗ ವಾಚ್ ಕೆಲವೊಮ್ಮೆ ನಾಡಿ ಬಿಟ್ಟು ಹೆಜ್ಜೆಯ ಲಯನೇ ಹಿಡ್ಕೊಂಡು ಅದನ್ನೇ ಬಡಿತ ಅಂತ ತೋರಿಸೋದೂ ಉಂಟು, ನಿಮಿಷಕ್ಕೆ 165 ಹೆಜ್ಜೆ ಇದ್ರೆ ಬಡಿತನೂ 165 ಅಂತ ನಿಂತುಬಿಡುತ್ತೆ. ಉಸಿರು ಆರಾಮಾಗಿದೆ, ಮಾತಾಡೋಕಾಗ್ತಿದೆ, ಆದ್ರೆ ವಾಚ್ 165 ಅಂತಿದೆ ಅಂದ್ರೆ ಅನುಮಾನ ಪಡಿ.

ಈಗ ತೋಟದ ಕೆಲಸ. ಇದರ ಬಗ್ಗೆ ವಾಚ್ ಕಂಪನಿಗಳು ಯೋಚನೆನೇ ಮಾಡಿಲ್ಲ ಅನ್ಸುತ್ತೆ. ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂತ್ರೆ ಕೈ ಗಂಟೆಗಟ್ಟಲೆ ಒಂದೇ ಲಯದಲ್ಲಿ ಆಡ್ತಿರುತ್ತೆ, ವಾಚ್ ಅದನ್ನ ಹೆಜ್ಜೆ ಅಂತ ಎಣಿಸೋ ಸಾಧ್ಯತೆ ಇದೆ, ಕೂತಲ್ಲೇ ಸಾವಿರಾರು ಹೆಜ್ಜೆ ಬರುತ್ತೆ. ಅದೇ ತಲೆ ಮೇಲೆ ಸೊಪ್ಪಿನ ಹೊರೆ, ದರಗಿನ ಹೊರೆ ಹೊತ್ಕೊಂಡು ಒಂದು ಕೈ ಮೇಲೆ ಹಿಡಿದು ಬರೋರ ಕೈ ಅಲ್ಲಾಡೋದೇ ಇಲ್ಲ, ಹೆಜ್ಜೆ ಕಮ್ಮಿ ಬರುತ್ತೆ, ಹೊರೆಯ ಭಾರ ಎಷ್ಟು ಅಂತ ವಾಚ್‌ಗೆ ಗೊತ್ತಾಗೋ ದಾರಿನೇ ಇಲ್ಲ. ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರಿಗೆ ಹೆಜ್ಜೆ ಸೊನ್ನೆ, ಬಡಿತ ಮಾತ್ರ ಏರಿರುತ್ತೆ. ಬೈಕಲ್ಲಿ ಹೊಂಡದ ರಸ್ತೆಲಿ ಹೋಗ್ಬಂದ್ರೆ ಹೆಜ್ಜೆ ಸೇರೋದೂ ಇದೆ. ಹಂಗಾಗಿ ತೋಟದೋರಿಗೆ ಬರೀ ಹೆಜ್ಜೆಯ ಸಾಧನ ಬೇಡ್ವೇ ಬೇಡ, ಹೃದಯ ಬಡಿತ ನೋಡೋದು ಬೇಕು, ಆದ್ರೂ ಬಿಸಿಲಿಗೆ, ಬೆವರಿಗೆ, ಕಾಫಿಗೆ, ಟೆನ್ಷನ್‌ಗೆ ಕೂಡ ಬಡಿತ ಏರುತ್ತೆ, ಅದೆಲ್ಲ ಕ್ಯಾಲೊರಿ ಅಲ್ಲ ಅಂತ ನೆನಪಿರಲಿ.

ಇಲ್ಲಿ ಒಂದು ಹಳೇ ಟೇಬಲ್ ವಾಚ್‌ಗಿಂತ ಉಪಯೋಗಕ್ಕೆ ಬರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತೆ ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ 65 ಕೆಜಿಯ ಗಂಡಸು ಕೂತು ಕೆಲಸ ಮಾಡೋನಾದ್ರೆ ದಿನಕ್ಕೆ 2110 ಕ್ಯಾಲೊರಿ, ಮಧ್ಯಮ ಕೆಲಸಕ್ಕೆ 2710, ಭಾರೀ ಕೆಲಸಕ್ಕೆ 3470. 55 ಕೆಜಿಯ ಹೆಂಗಸಿಗೆ 1660, 2130, 2720. ಬ್ಯಾಂಕಲ್ಲೋ ಆಫೀಸಲ್ಲೋ ಕೂತು ಸಂಜೆ ಅರ್ಧ ಗಂಟೆ ವಾಕ್ ಮಾಡೋ ಹೆಂಗಸಿಗೆ ವಾಚ್ ದಿನಾ 2600 ಅಂತ ತೋರಿಸಿದ್ರೆ ತೂಕ ಎಷ್ಟೇ ಇರಲಿ ಒಂದ್ಸಲ ನಿಂತು ಯೋಚನೆ ಮಾಡ್ಬೇಕು. ಬೇರೆ ದೇಶದೋರ ಮೇಲೆ ಮಾಡಿದ ಬಿಎಂಆರ್ ಸೂತ್ರಗಳು ಭಾರತೀಯರಿಗೆ ಸ್ವಲ್ಪ ಜಾಸ್ತಿನೇ ತೋರಿಸ್ತವೆ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರು ಇದರ ಮೇಲೆ ದಶಕಗಳ ಕೆಲಸ ಮಾಡಿದಾರೆ.

ಹಂಗಾರೆ ವಾಚ್ ಬೇಡ್ವಾ?

ಬೇಕು, ಆದ್ರೆ ಅದರ ಕೈಲಿ ಊಟದ ಲೆಕ್ಕ ಕೊಡ್ಬೇಡಿ. 2016ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದ ಪಿಟ್ಸ್‌ಬರ್ಗ್ ಯುನಿವರ್ಸಿಟಿಯ ಪ್ರಯೋಗ ಇದೆ, 471 ಜನ, ಎರಡು ವರ್ಷ. ಎಲ್ಲರಿಗೂ ಮೊದಲ ಆರು ತಿಂಗಳು ಒಂದೇ ಥರ ಊಟ, ವ್ಯಾಯಾಮದ ಸಲಹೆ, ಆಮೇಲೆ ಒಂದು ಗುಂಪಿಗೆ ತೋಳಿಗೆ ಕಟ್ಟೋ ಸಾಧನ ಕೊಟ್ರು, ಇನ್ನೊಂದು ಗುಂಪಿಗೆ ಕೊಡ್ಲಿಲ್ಲ. ಎರಡು ವರ್ಷದ ಕೊನೆಗೆ ಸಾಧನ ಇದ್ದೋರು ಸರಾಸರಿ 3.5 ಕೆಜಿ ಇಳಿದಿದ್ರು, ಇಲ್ಲದೋರು 5.9 ಕೆಜಿ. ಸಾಧನ ಕಟ್ಕೊಂಡಿದ್ದಕ್ಕೇ ತೂಕ ಇಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಬೇಕಾ.

ವಾಚಿನ ನಿಜವಾದ ಉಪಯೋಗ ಬೇರೆ ಇದೆ. ಅಂಗಡಿ ತಕ್ಕಡಿ ನೂರು ಗ್ರಾಂ ಜಾಸ್ತಿ ತೋರಿಸಿದ್ರೂ ಪ್ರತಿ ಸಲ ಅಷ್ಟೇ ಜಾಸ್ತಿ ತೋರಿಸಿದ್ರೆ ಕಳೆದು ಲೆಕ್ಕ ಹಾಕಬಹುದಲ್ಲ, ಹಂಗೆ ನಿಮ್ಮ ವಾಚ್ ನಿಮ್ಮ ಮೇಲೆ ಎಷ್ಟು ಜಾಸ್ತಿ ಅಥವಾ ಕಮ್ಮಿ ಹೇಳುತ್ತೆ ಅಂತ ಒಂದ್ಸಲ ಕಂಡುಹಿಡಿದುಬಿಟ್ರೆ ಆಮೇಲೆ ಅದೇ ಕೆಲಸಕ್ಕೆ ಬರುತ್ತೆ. ಮಾಡೋದು ಹಿಂಗೆ. ಒಂದು ತೂಕದ ಮಿಷನ್ ತಗೊಳ್ಳಿ, ಸಾಧಾರಣದ್ದೇ ಸಾಕು. ಬೆಳಿಗ್ಗೆ ಎದ್ದು ಕಕ್ಕಸ್ಸಿಗೆ ಹೋಗ್ಬಂದು ಕಾಫಿ ಕುಡಿಯೋ ಮೊದ್ಲು ದಿನಾ ತೂಕ ನೋಡಿ ಬರೆದಿಡಿ, ಒಂದೊಂದು ದಿನದ ಏರಿಳಿತಕ್ಕೆ ತಲೆ ಕೆಡಿಸ್ಕೋಬೇಡಿ, ವಾರದ ಸರಾಸರಿ ತೆಗೀರಿ. ತಿಂದಿದ್ದನ್ನೂ ಆದಷ್ಟು ಪ್ರಾಮಾಣಿಕವಾಗಿ ಬರೀರಿ. ಮೊದಲ ವಾರ ಲೆಕ್ಕಕ್ಕೆ ಬೇಡ, ಆಗ ಇಳಿಯೋದರಲ್ಲಿ ಜಾಸ್ತಿ ಪಾಲು ನೀರು. ಅದಾದ ಮೇಲೆ ಮೂರು ವಾರ ನೋಡಿ.

ಉದಾಹರಣೆಗೆ ದಿನಕ್ಕೆ ಸರಾಸರಿ 1700 ಕ್ಯಾಲೊರಿ ತಿಂದಿದೀರ, 21 ದಿನದಲ್ಲಿ ಸರಾಸರಿ ತೂಕ 0.9 ಕೆಜಿ ಇಳಿದಿದೆ ಅಂದ್ಕೊಳ್ಳಿ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. 0.9ನ್ನ 7700ರಿಂದ ಗುಣಿಸಿ 21ರಿಂದ ಭಾಗಿಸಿದ್ರೆ 330. ಅಂದ್ರೆ ದಿನಕ್ಕೆ 330 ಕೊರತೆ ಬಿದ್ದಿದೆ, ನಿಮ್ಮ ನಿಜವಾದ ಖರ್ಚು 1700 ಮತ್ತೆ 330, ಒಟ್ಟು 2030. ಅದೇ ದಿನಗಳಲ್ಲಿ ವಾಚಿನ ಸರಾಸರಿ 2400 ಅಂತಿದ್ರೆ, 2030ನ್ನ 2400ರಿಂದ ಭಾಗಿಸಿ, 0.85 ಬರುತ್ತೆ. ಇನ್ಮೇಲೆ ವಾಚ್ ತೋರಿಸಿದ್ದನ್ನ 0.85ರಿಂದ ಗುಣಿಸಿ ನೋಡಿ, ಅದು ನಿಮ್ಮ ದೇಹಕ್ಕೆ ನಿಮ್ಮ ವಾಚಿನ ಲೆಕ್ಕ. ಎರಡು ಸಾವಿರದ ಬ್ಯಾಂಡಿಗೂ ಇದು ನಡೆಯುತ್ತೆ, ಬ್ಯಾಂಡ್ ಚಟುವಟಿಕೆದು ಮಾತ್ರ ತೋರಿಸೋದಾದ್ರೆ ಅದಕ್ಕೆ ಬಿಎಂಆರ್ ಸೇರಿಸಿ ಆಮೇಲೆ ಭಾಗಿಸಿ.

ಬಿಎಂಆರ್‌ಗೆ 1990ರ ಮಿಫ್ಲಿನ್ ಸೂತ್ರ ಸಾಕು. ತೂಕನ 10ರಿಂದ ಗುಣಿಸಿ, ಸೆಂಟಿಮೀಟರ್ ಎತ್ತರನ 6.25ರಿಂದ ಗುಣಿಸಿ ಸೇರಿಸಿ, ವಯಸ್ಸಿನ ಐದು ಪಟ್ಟು ಕಳೀರಿ, ಗಂಡಸಾದ್ರೆ 5 ಸೇರಿಸಿ, ಹೆಂಗಸಾದ್ರೆ 161 ಕಳೀರಿ. 40 ವರ್ಷದ, 155 ಸೆಂಟಿಮೀಟರ್, 68 ಕೆಜಿಯ ಹೆಂಗಸಿಗೆ ಸುಮಾರು 1290 ಬರುತ್ತೆ. ತೂಕ ನಾಲ್ಕೈದು ಕೆಜಿ ಇಳಿದ ಮೇಲೆ ಎಲ್ಲ ಲೆಕ್ಕನೂ ಇನ್ನೊಂದ್ಸಲ ಹಾಕಿ, ದೇಹ ಚಿಕ್ಕದಾದ ಹಾಗೆ ಖರ್ಚೂ ಕಮ್ಮಿ ಆಗುತ್ತೆ, ಆಪ್‌ನಲ್ಲಿ ಹಳೇ ತೂಕನೇ ಉಳಿದಿದ್ರೆ ಅದು ಹಳೇ ದೇಹದ ಲೆಕ್ಕನೇ ಹೇಳ್ತಾ ಇರುತ್ತೆ.

ತಿಂದಿದ್ದು ಬರೆಯೋದರಲ್ಲಿ ನಮ್ಮ ಕಡೆ ತಪ್ಪೋದು ಎಣ್ಣೆ ಮತ್ತೆ ಕಾಯಿಲಿ. ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ 120 ಕ್ಯಾಲೊರಿ, ಅಕ್ಕಿ ರೊಟ್ಟಿಗೆ, ಒಗ್ಗರಣೆಗೆ ಸುರಿದಿದ್ದು ಯಾರೂ ಬರೆಯಲ್ಲ. ಅಕ್ಕಿ ಬೇಯಿಸೋ ಮೊದ್ಲೇ ತೂಗಿ, 100 ಗ್ರಾಂಗೆ ಸುಮಾರು 350, ಕಡುಬಾಗಲಿ ನೀರ್‌ದೋಸೆಯಾಗಲಿ ಅನ್ನ ಆಗಲಿ ಅದೇ ಲೆಕ್ಕ ನಡೆಯುತ್ತೆ. ತಂಬುಳಿ, ಬಸಳೆ, ಕೆಸುವಿನ ಸೊಪ್ಪಿಗೆ ಅಷ್ಟು ಹೆದರೋದೇನಿಲ್ಲ, ಕಾಯಿ ಎಷ್ಟು ಹಾಕಿದಾರೆ ಅಂತ ನೋಡಿದ್ರೆ ಸಾಕು.

ಯಾರಿಗೆ ಯಾವುದು

ಪೇಟೆಲಿರೋರು, ಬೆಳಿಗ್ಗೆ ನಡೆಯೋದು ಬಿಟ್ರೆ ಕೂತು ಕೆಲಸ, ತೂಕ ಇಳಿಸೋದೇ ಗುರಿ ಅನ್ನೋರಿಗೆ ಕಡಿಮೆ ಬೆಲೆಯ ಬ್ಯಾಂಡ್ ಮತ್ತೆ ತೂಕದ ಮಿಷನ್, ಇಷ್ಟಕ್ಕಿಂತ ಒಂದು ರೂಪಾಯಿ ಜಾಸ್ತಿ ಹಾಕ್ಬೇಡಿ. ಗಂಡಸರು ಯಾವಾಗ್ಲೂ ಜೇಬಲ್ಲಿ ಫೋನ್ ಇಟ್ಟಿರೋರಾದ್ರೆ ಬ್ಯಾಂಡೂ ಬೇಡ. ವಾರವಾರ ಗುಡ್ಡ ಹತ್ತೋರು, ಕವಲೇದುರ್ಗ, ಕೊಡಚಾದ್ರಿ ಅಂತ ತಿರುಗೋರು ಬ್ಯಾರೋಮೀಟರ್ ಇರೋ ವಾಚ್ ತಗೊಳ್ಳಿ, ಗುಂಡಿ ಒತ್ತೋದಿದ್ರೆ ಇನ್ನೂ ಒಳ್ಳೇದು, ಮಳೆಲಿ ಟಚ್ ಸ್ಕ್ರೀನ್ ಮಾತು ಕೇಳಲ್ಲ. ಓಡೋರು, ಸೈಕಲ್ ತುಳಿಯೋರು ಇರೋ ಬ್ಯಾಂಡ್ ಜೊತೆಗೆ ಚೆಸ್ಟ್ ಸ್ಟ್ರಾಪ್ ತಗೊಂಡ್ರೆ ದುಬಾರಿ ವಾಚ್‌ಗಿಂತ ಒಳ್ಳೆ ಲೆಕ್ಕ ಕಮ್ಮಿ ದುಡ್ಡಲ್ಲಿ ಸಿಗುತ್ತೆ. ಜಿಮ್ಮಲ್ಲಿ ಭಾರ ಎತ್ತೋರಿಗೆ ಇವು ಯಾವುದರ ಕ್ಯಾಲೊರಿನೂ ಬೇಡ, ಭಾರ ಎತ್ತೋವಾಗ ಬಡಿತಕ್ಕೂ ಖರ್ಚಿಗೂ ನೇರ ಸಂಬಂಧ ಇರಲ್ಲ.

ತೋಟದ ಕೆಲಸದೋರಿಗೆ ನನ್ನ ಸಲಹೆ ಬೇರೆ. ಸುಗ್ಗಿ ದಿನ ಬೇರೆ, ಖಾಲಿ ದಿನ ಬೇರೆ, ಮಳೆಗಾಲ ಬೇರೆ. ಎದೆಪಟ್ಟಿ ಒಂದು ಇದ್ರೆ ಪ್ರತಿ ಥರದ ಕೆಲಸಕ್ಕೂ ಒಂದೆರಡು ದಿನ ಕಟ್ಟಿ ನೋಡಿ, ಕೊನೆ ಕೊಯ್ಲಿಗೆ ಎಷ್ಟು, ಬೋರ್ಡೋ ಔಷಧಿ ಹೊಡೆಯೋ ದಿನ ಎಷ್ಟು, ಸುಲಿಯೋ ದಿನ ಎಷ್ಟು ಅಂತ ಒಂದು ಚೀಟಿಲಿ ಬರೆದಿಟ್ರೆ ಆಮೇಲೆ ಪಟ್ಟಿ ಬೇಕಂತಿಲ್ಲ. ಸುಗ್ಗಿಲಿ ತಿಂದ ಹಾಗೇ ಖಾಲಿ ದಿನದಲ್ಲೂ ತಿನ್ನೋದ್ರಿಂದಲೇ ಮಳೆಗಾಲದಲ್ಲಿ ಹೊಟ್ಟೆ ಬರೋದು, ಆ ಚೀಟಿ ಕಣ್ಣೆದುರು ಇದ್ರೆ ಅದು ತಾನಾಗೇ ಗೊತ್ತಾಗುತ್ತೆ.

ಬಿಪಿಗೆ ಅಥವಾ ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರು ಬಡಿತದ ಮೇಲಿನ ಕ್ಯಾಲೊರಿನ ನೋಡ್ಲೇಬೇಡಿ, ಆ ಮಾತ್ರೆ ಕೆಲಸನೇ ಬಡಿತ ಇಳಿಸೋದು, ವಾಚ್‌ಗೆ ನೀವು ಸುಮ್ನೆ ಕೂತ ಹಾಗೆ ಕಾಣುತ್ತೆ. ಅವರಿಗೆ ಹೆಜ್ಜೆ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರು ವಾಚ್ ನೋಡಿ ಊಟ ಕಮ್ಮಿ ಮಾಡೋ ಮೊದ್ಲು ಡಾಕ್ಟ್ರ ಹತ್ರ ಮಾತಾಡಿ, ಶುಗರ್ ತಟ್ಟಂತ ಇಳಿದುಬಿಟ್ರೆ ಜೀವಕ್ಕೇ ಅಪಾಯ.

ದುರ್ಗಿಗುಡಿಲೋ ನೆಹರೂ ರೋಡಲ್ಲೋ ಅಂಗಡಿಗೆ ಹೋದಾಗ ಕೈಗೆ ಕಟ್ಟಿ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಇನ್ನೊಂದು ಕೈಲಿ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ವಾಚಲ್ಲಿರೋದಕ್ಕೂ ಅದಕ್ಕೂ ನಾಲ್ಕೈದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆಮೇಲೆ ನೂರು ಹೆಜ್ಜೆ ಎಣಿಸಿ ನಡೀರಿ, ತೊಂಬತ್ತೈದರಿಂದ ನೂರೈದರ ಒಳಗೆ ಬರ್ಬೇಕು. ಅಂಗಡಿಗೆ ಮಹಡಿ ಇದ್ರೆ ಮೆಟ್ಟಿಲು ಹತ್ತಿ ಇಳಿದು ಬಡಿತ ಎಷ್ಟು ಬೇಗ ಏರುತ್ತೆ, ಎಷ್ಟು ಬೇಗ ಇಳಿಯುತ್ತೆ ನೋಡಿ. ಇಷ್ಟು ನೋಡೋಕೆ ಬಿಡದ ಅಂಗಡಿ ಆದ್ರೆ ಬೇರೆ ಅಂಗಡಿಗೆ ಹೋಗಿ, ಮತ್ತೆ ಬಿಲ್ ಕೇಳಿ ಇಸ್ಕೊಳ್ಳಿ, ಮುಂದೆ ಕೆಟ್ರೆ ವಾರಂಟಿಗೆ ಅದೇ ಬೇಕಾಗೋದು.